ಕೆಂಪು ನೋಡಿ ಮೋಸಹೋಗಬೇಡಿ: ರೆಪ್ಪೆ ಮತ್ತು ಕಾರ್ನಿಯಾದ ತೊಂದರೆಗಳನ್ನು ಗುರುತಿಸುವ ಕ್ರಮ

ಕಣ್ಣು ಕೆಂಪಾದ ಕೂಡಲೇ ಬಹುತೇಕರು ಔಷಧ ಅಂಗಡಿಗೆ ಹೋಗಿ ‘ಕಣ್ಣಿಗೆ ಒಂದು ಡ್ರಾಪ್ಸ್ ಕೊಡಿ’ ಎನ್ನುತ್ತಾರೆ. ಅದನ್ನು ಹಾಕಿಕೊಂಡು ಎರಡು ದಿನ ಕಾಯುತ್ತಾರೆ. ಕಣ್ಣನ್ನು ಸರಿಯಾಗಿ ನೋಡುವ ಕೆಲಸ ಆಮೇಲಿನದು. ಅಷ್ಟರೊಳಗೆ ನೋಡಬೇಕಾದ ಲಕ್ಷಣಗಳನ್ನು ಆ ಔಷಧವೇ ಮರೆಮಾಚಿರುತ್ತದೆ.

ಕೆಂಪನ್ನೇ ಅಳತೆಗೋಲು ಮಾಡಿಕೊಳ್ಳುವುದು ಇನ್ನೊಂದು ತಪ್ಪು. ಜೋರಾಗಿ ಕೆಮ್ಮಿದಾಗ ಬಿಳಿಗುಡ್ಡೆಯ ಮೇಲಿನ ಸಣ್ಣ ರಕ್ತನಾಳ ಒಡೆದರೆ ಕಣ್ಣು ನೋಡಲು ಭಯಂಕರ. ಆದರೆ ನೋವಿಲ್ಲ, ನೋಟಕ್ಕೆ ಕುಂದಿಲ್ಲ, ಸುಮಾರು ಎರಡು ವಾರಗಳಲ್ಲಿ ತಾನಾಗಿ ಕರಗುತ್ತದೆ. ಇತ್ತ ಭತ್ತದ ಹೊಟ್ಟು ತಗುಲಿ ಶಿಲೀಂಧ್ರ ಬೆಳೆಯತೊಡಗಿದ ಕಣ್ಣು ಮೊದಲ ಕೆಲವು ದಿನ ಅಷ್ಟೇನೂ ಕೆಂಪಾಗದೆ ಇರಬಹುದು. ಅದೇ ಕಣ್ಣು ದೃಷ್ಟಿ ಕಳೆದುಕೊಳ್ಳುವ ಅಪಾಯದಲ್ಲಿರುತ್ತದೆ.

ಹಾಗಾಗಿ ಕ್ರಮ ಮುಖ್ಯ. ಮೊದಲು ನೋಟ, ಆಮೇಲೆ ನೋವಿನ ಬಗೆ, ಆಮೇಲೆ ರೆಪ್ಪೆ, ಕೊನೆಗೆ ಕಾರ್ನಿಯಾ. ಈ ಮಾರ್ಗದರ್ಶಿ ರೋಗಕ್ಕೆ ಹೆಸರಿಡಲು ಅಲ್ಲ. ಇಂದೇ ಹೋಗಬೇಕೋ, ಈ ವಾರ ಹೋದರೆ ಸಾಕೋ, ಮನೆಯಲ್ಲೇ ನೋಡಿಕೊಳ್ಳಬಹುದೋ ಎಂಬುದನ್ನು ತೀರ್ಮಾನಿಸಲು.

ಒಂದು ಮಾತು ಸ್ಪಷ್ಟವಿರಲಿ. ಕಾರ್ನಿಯಾ ಎಂದರೆ ಕಪ್ಪುಗುಡ್ಡೆಯ ಮುಂದಿರುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪಾರದರ್ಶಕ ಪದರ. ಅದರಲ್ಲಿ ರಕ್ತನಾಳಗಳಿಲ್ಲ, ನರತುದಿಗಳು ಮಾತ್ರ ಒತ್ತೊತ್ತಾಗಿವೆ. ಅಲ್ಲಿನ ಗಾಯ ಮಾಯ್ದ ಮೇಲೆ ಉಳಿಯುವ ಬಿಳಿ ಕಲೆಯನ್ನೇ ಜನ ‘ಕಣ್ಣಲ್ಲಿ ಹೂ ಬಿದ್ದಿದೆ’ ಎನ್ನುತ್ತಾರೆ. ಪೊರೆ ಬೇರೆ, ಅದು ಪಾಪೆಯ ಹಿಂದೆ, ಕಣ್ಣಿನೊಳಗಿನ ಮಸೂರದಲ್ಲಿ ಬರುವಂಥದ್ದು. ‘ಪೊರೆ ತಾನೆ, ಬಲಿತ ಮೇಲೆ ತೆಗೆಸಿದರಾಯಿತು’ ಎಂದು ಹೂವನ್ನು ಹೊತ್ತುಕೊಂಡು ತಿರುಗುವವರು ಇಂದಿಗೂ ಇದ್ದಾರೆ.

## ಪರೀಕ್ಷೆ ಮಾಡುತ್ತಾ ಕೂರಬಾರದ ನಾಲ್ಕು ಸಂದರ್ಭಗಳು

ಸುಣ್ಣ, ಸಿಮೆಂಟು, ಆಸಿಡ್, ಶೌಚಾಲಯ ತೊಳೆಯುವ ದ್ರಾವಣ ಬಿದ್ದಾಗ. ಮೊದಲು ನೀರು, ಆಮೇಲೆ ಆಸ್ಪತ್ರೆ. ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು, ಶುದ್ಧವಾದ ನಲ್ಲಿ ನೀರನ್ನು ಸುಮಾರು ಅರ್ಧ ಗಂಟೆ ಹರಿಸಿ. ಸುಣ್ಣದ ಗಟ್ಟಿ ಕಣಗಳು ರೆಪ್ಪೆಯ ಒಳಗೆ ಅಂಟಿದ್ದರೆ ಒದ್ದೆ ಬಟ್ಟೆಯ ತುದಿಯಿಂದ ತೆಗೆಯಿರಿ. ಎಲೆ ಅಡಿಕೆಯ ಚೀಲದಲ್ಲಿನ ಸುಣ್ಣದ ಪೊಟ್ಟಣವನ್ನು ಮಕ್ಕಳು ಹಿಚುಕಿ ಕಣ್ಣಿಗೆ ಸಿಡಿಸಿಕೊಳ್ಳುವುದು ನಮ್ಮ ಮನೆಗಳ ನಿಜವಾದ ಅಪಾಯ. ಕ್ಷಾರವಾದ ಸುಣ್ಣ ಕಾರ್ನಿಯಾವನ್ನು ತೂರಿಕೊಂಡು ಒಳಗಿಳಿಯುತ್ತಲೇ ಹೋಗುತ್ತದೆ, ಬಹುತೇಕ ಆಮ್ಲಗಳಿಗಿಂತ ಆಳಕ್ಕೆ. ಅದನ್ನು ‘ಮುರಿಯಲು’ ನಿಂಬೆರಸ ಹಿಂಡಬೇಡಿ.

ಏನೋ ಚುಚ್ಚಿ ಒಳಹೊಕ್ಕಿರುವ ಶಂಕೆ ಇದ್ದಾಗ. ಉಳಿ ಸುತ್ತಿಗೆ, ಗ್ರೈಂಡಿಂಗ್, ಕಳೆ ಕತ್ತರಿಸುವ ಯಂತ್ರ, ಪಟಾಕಿ. ಇಲ್ಲಿ ನಿಯಮ ತಿರುಗುಮುರುಗು: ತೊಳೆಯಬೇಡಿ, ಒತ್ತಬೇಡಿ, ಚುಚ್ಚಿಕೊಂಡದ್ದನ್ನು ಕೀಳಬೇಡಿ. ಕಾಗದದ ಲೋಟವನ್ನು ಕಣ್ಣಿಗೆ ತಾಗದಂತೆ ಬೋರಲು ಇಟ್ಟು, ಪ್ಲಾಸ್ಟರ್ ಹಚ್ಚಿ ಹೊರಡಿ.

ರೆಪ್ಪೆ ಏಕಾಏಕಿ ಜೋತುಬಿದ್ದಾಗ. ಒಂದು ಕಡೆಯ ರೆಪ್ಪೆ ಬಿದ್ದು, ಜೊತೆಗೆ ಎರಡೆರಡು ಕಾಣುವುದು, ಆ ಕಣ್ಣಿನ ಪಾಪೆ ದೊಡ್ಡದಾಗುವುದು, ತಲೆ ಸಿಡಿಯುವುದು ಇದ್ದರೆ ಅದು ಮಿದುಳಿನ ರಕ್ತನಾಳದ ತೊಂದರೆಯಾಗಿರಬಹುದು. ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಎರಡೂ ರೆಪ್ಪೆ ಎತ್ತಲಾಗದೆ, ಹೊಟ್ಟೆನೋವು ಬಂದು, ಉಗುಳು ನುಂಗಲು ಕಷ್ಟವಾದರೆ ಕಟ್ಟುಹಾವಿನ ಕಡಿತವನ್ನು ನೆನೆಯಿರಿ. ಅದರ ಹಲ್ಲಿನ ಗುರುತು ಎಷ್ಟೋ ಸಲ ಕಾಣುವುದೇ ಇಲ್ಲ. ಎರಡಕ್ಕೂ 108ಕ್ಕೆ ಕರೆ ಮಾಡಿ.

ಊದಿದ ರೆಪ್ಪೆಯ ಜೊತೆ ಜ್ವರ ಇದ್ದು, ಕಣ್ಣುಗುಡ್ಡೆ ಮುಂದಕ್ಕೆ ಬಂದಂತಿದ್ದರೆ ಅಥವಾ ಅತ್ತಿತ್ತ ನೋಡುವಾಗ ನೋವಾದರೆ ಸೋಂಕು ಗುಡ್ಡೆಯ ಹಿಂದಕ್ಕೆ ಹೋಗಿದೆ ಎಂದು ಅರ್ಥ. ಮಕ್ಕಳಲ್ಲಿ ಇದು ಕೆಲವೇ ಗಂಟೆಗಳಲ್ಲಿ ಉಲ್ಬಣಿಸುತ್ತದೆ.

## ಬೇಕಾಗುವ ಸಾಮಾನು

ಸಣ್ಣ ಟಾರ್ಚ್ ಅಥವಾ ಮೊಬೈಲಿನ ಬೆಳಕು, ಗೋಡೆಗೆ ನೇತುಹಾಕುವ ಕ್ಯಾಲೆಂಡರ್, ಕೈಗನ್ನಡಿ, ಶುಚಿಯಾದ ಹತ್ತಿ ಬಟ್ಟೆ, ಸೋಪು. ಇನ್ನೊಬ್ಬರು ಜೊತೆಗಿದ್ದರೆ ಕೆಲಸ ಅರ್ಧ ಸುಲಭ. ಕನ್ನಡಕ ಬಳಸುವವರು ಅದನ್ನು ಹಾಕಿಕೊಂಡೇ ಮೊದಲ ಹಂತ ಮಾಡಬೇಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದು ಡಬ್ಬಿಯಲ್ಲಿಡಿ, ಎಸೆಯಬೇಡಿ. ಪರೀಕ್ಷೆ ಮುಗಿಯುವ ತನಕ ಯಾವ ಹನಿಯನ್ನೂ ಹಾಕಬೇಡಿ. ಕೈ ತೊಳೆದುಕೊಳ್ಳಿ.

## ಹಂತ 1: ಒಂದೊಂದೇ ಕಣ್ಣಿನ ನೋಟ ಅಳೆಯಿರಿ

ಎರಡೂ ಕಣ್ಣು ತೆರೆದು ‘ಎಲ್ಲ ಚೆನ್ನಾಗಿ ಕಾಣುತ್ತದೆ’ ಎನ್ನುವುದರಲ್ಲಿ ಅರ್ಥವಿಲ್ಲ. ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಲೋಪವನ್ನು ಮುಚ್ಚಿಹಾಕುತ್ತದೆ.

ಕ್ಯಾಲೆಂಡರಿನಿಂದ ಸುಮಾರು 3 ಮೀಟರ್ ದೂರ ನಿಂತು, ಒಂದು ಕಣ್ಣನ್ನು ಅಂಗೈ ಗುಳಿಮಾಡಿ ಮುಚ್ಚಿ. ಬೆರಳಿನಿಂದ ಒತ್ತಿ ಮುಚ್ಚಿದರೆ ಆ ಕಣ್ಣು ಸ್ವಲ್ಪ ಹೊತ್ತು ಮಂಜಾಗುತ್ತದೆ. ಆಮೇಲೆ ಅದರ ಸರದಿ ಬಂದಾಗ ಉತ್ತರವೇ ತಪ್ಪು. ದಿನಾಂಕದ ಅಂಕಿ, ಅದರ ಕೆಳಗಿನ ತಿಥಿ ನಕ್ಷತ್ರದ ಸಣ್ಣ ಅಕ್ಷರ, ಎಲ್ಲಿಯವರೆಗೆ ಓದಲಾಗುತ್ತದೆ ಎಂದು ನೋಡಿ. ಇನ್ನೊಂದು ಕಣ್ಣಿಗೂ ಹಾಗೆಯೇ. ಮುಖ್ಯವಾದದ್ದು ಎರಡು ಕಣ್ಣುಗಳ ನಡುವಿನ ವ್ಯತ್ಯಾಸ.

ಮಂಜಾಗಿದ್ದರೆ ನಾಲ್ಕಾರು ಬಾರಿ ಕಣ್ಣು ಮಿಟುಕಿಸಿ. ಮಿಟುಕಿಸಿದ ಮೇಲೆ ತಿಳಿಯಾದರೆ ಮೇಲ್ಮೈಯ ಕಣ್ಣೀರಿನ ಪದರ ಕೆಟ್ಟಿದೆ ಅಥವಾ ಪಿಸುರು ಅಡ್ಡ ಬಂದಿದೆ: ಒಣಗಣ್ಣು, ರೆಪ್ಪೆಯಂಚಿನ ಉರಿಯೂತ, ‘ಮದ್ರಾಸ್ ಐ’ ಈ ಸಾಲಿನವು. ಮಿಟುಕಿಸಿದರೂ ಮಂಜು ಹೋಗದಿದ್ದರೆ ತೊಂದರೆ ಕಾರ್ನಿಯಾದಲ್ಲಿ ಅಥವಾ ಇನ್ನೂ ಒಳಗೆ. ಕೆಂಪಾದ ಕಣ್ಣಿನಲ್ಲಿ ನೋಟವೂ ಇಳಿದಿದ್ದರೆ ಮುಂದಿನ ಹಂತಗಳು ಏನೇ ಹೇಳಲಿ, ಅದೇ ದಿನ ವೈದ್ಯರ ಬಳಿ ಹೋಗಬೇಕು. ದೀಪದ ಸುತ್ತ ಬಣ್ಣದ ಬಳೆ, ತಲೆನೋವು, ವಾಂತಿ ಜೊತೆಗೂಡಿದರೆ ಕಣ್ಣಿನ ಒತ್ತಡ ಒಮ್ಮೆಲೇ ಏರಿರಬಹುದು. ವಾಂತಿಯಾಯಿತೆಂದು ಹೊಟ್ಟೆಯ ಮಾತ್ರೆ ನುಂಗಿ ಮಲಗುವುದು ಇಲ್ಲಿ ಆಗುವ ಎಡವಟ್ಟು.

## ಹಂತ 2: ನೋವಿಗೆ ಸರಿಯಾದ ಮಾತು ಹುಡುಕಿ

‘ಕಣ್ಣು ನೋಯುತ್ತದೆ’ ಎಂದರೆ ವೈದ್ಯರಿಗೂ ಏನೂ ತಿಳಿಯದು. ತುರಿಕೆಯೇ, ಉರಿಯೇ, ಮರಳು ಬಿದ್ದಂತೆಯೇ, ಚುಚ್ಚುವುದೇ, ಬೆಳಕು ತಾಳಲಾಗದ್ದೇ? ಒಂದೊಂದೂ ಬೇರೆ ದಾರಿ ತೋರಿಸುತ್ತದೆ.

ತುರಿಕೆಯೇ ಪ್ರಧಾನವಾಗಿದ್ದರೆ ಬಹುಪಾಲು ಅಲರ್ಜಿ. ಉರಿ, ಅದೂ ಸಂಜೆಯಾಗುತ್ತಾ ಫ್ಯಾನಿನ ಕೆಳಗೆ, ಪರದೆಯ ಮುಂದೆ ಹೆಚ್ಚಾಗುವ ಉರಿ, ಒಣಗಣ್ಣಿನದು. ಒಣಗಣ್ಣಿನವರ ಕಣ್ಣಲ್ಲಿ ಧಾರಾಕಾರ ನೀರು ಸುರಿಯಬಹುದು. ‘ಇಷ್ಟು ನೀರು ಬರುವಾಗ ಒಣಗಣ್ಣು ಹೇಗೆ’ ಎಂದು ಜನ ನಂಬುವುದಿಲ್ಲ. ಮೇಲ್ಮೈ ಒಣಗಿದ್ದಕ್ಕೆ ಕಣ್ಣು ಗಾಬರಿಯಿಂದ ಸುರಿಸುವ ನೀರು ಅದು. ಬೆಳಗ್ಗೆ ಎದ್ದಾಗ ಉರಿ ಹೆಚ್ಚಿದ್ದು ಎವೆಗಳ (ರೆಪ್ಪೆಗೂದಲುಗಳ) ಬುಡದಲ್ಲಿ ಹೊಟ್ಟಿದ್ದರೆ ರೆಪ್ಪೆಯಂಚಿನ ಉರಿಯೂತ.

ಪ್ರತಿ ಬಾರಿ ಮಿಟುಕಿಸಿದಾಗಲೂ ಒಂದೇ ಜಾಗದಲ್ಲಿ ಕೆರೆದಂತಾದರೆ ಮೇಲಿನ ರೆಪ್ಪೆಯ ಒಳಮೈಗೆ ಕಸ ಅಂಟಿದೆ, ಇಲ್ಲವೆ ಎವೆಯೊಂದು ಒಳಕ್ಕೆ ತಿರುಗಿದೆ. ನೀರಿನಲ್ಲಿ ತೊಳೆದರೂ ಹೋಗದಿದ್ದರೆ ಸೀರೆಯ ಸೆರಗಿನಿಂದ, ಬೆಂಕಿಕಡ್ಡಿಯಿಂದ, ಹಳ್ಳಿಗಳಲ್ಲಿ ಇನ್ನೂ ಕಾಣುವಂತೆ ನಾಲಿಗೆಯಿಂದ ತೆಗೆಸುವ ಸಾಹಸ ಬೇಡ. ಕಸ ಹೋಗಬಹುದು, ಕಾರ್ನಿಯಾದ ಮೇಲೆ ಉಳಿಯುವ ಗೀರಿನೊಳಗೆ ಬಾಯಿಯ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ.

ಇನ್ನು ಬೆಳಕು. ಮಂದ ಬೆಳಕಿನ ಕೋಣೆಯಲ್ಲೂ ಕಣ್ಣು ತೆರೆಯಲಾಗದಿದ್ದರೆ ಅದು ರೆಪ್ಪೆಯ ರೋಗವಲ್ಲ; ಕಾರ್ನಿಯಾ ಗಾಯಗೊಂಡಿದೆ ಅಥವಾ ಕಣ್ಣಿನೊಳಗೆ ಉರಿಯೂತವಿದೆ. ಕನ್ನಡಕವಿಲ್ಲದೆ ಆರ್ಕ್ ವೆಲ್ಡಿಂಗ್ ನೋಡಿದವರಿಗೆ ಸಂಜೆಯವರೆಗೆ ಏನೂ ಆಗುವುದಿಲ್ಲ, ನಡುರಾತ್ರಿ ಎರಡೂ ಕಣ್ಣಿಗೆ ಮೆಣಸಿನಪುಡಿ ಎರಚಿದಂಥ ನೋವು ಶುರುವಾಗುತ್ತದೆ. ಅದು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮಾಯುತ್ತದೆ. ಆದರೆ ಮರಗಟ್ಟಿಸುವ ಹನಿಯನ್ನು ಮನೆಯಲ್ಲಿ ಪದೇಪದೇ ಹಾಕಿಕೊಂಡವರ ಕಾರ್ನಿಯಾ ಮಾಯುವುದೇ ಇಲ್ಲ, ಕರಗತೊಡಗುತ್ತದೆ.

ನೋವು ಇಲ್ಲದಿರುವುದು ಕೂಡ ಕೆಲವೊಮ್ಮೆ ಮೋಸ. ಹರ್ಪಿಸ್ ವೈರಾಣು ಕಾರ್ನಿಯಾದ ನರಗಳ ಸ್ಪರ್ಶಜ್ಞಾನವನ್ನೇ ಕುಗ್ಗಿಸುತ್ತದೆ. ಎಕ್ಕದ ಹಾಲು ಸಿಡಿದ ಕಣ್ಣಿನಲ್ಲಿ ನೋವಿಲ್ಲದೆಯೇ ನೋಟ ಮಂಜಾಗುತ್ತದೆ, ಏಕೆಂದರೆ ಅದು ಕಾರ್ನಿಯಾದ ಒಳಪದರವನ್ನು ಕೆಡಿಸಿ ನೀರು ತುಂಬಿಸುತ್ತದೆ. ಕಳ್ಳಿಹಾಲು ಹಾಗಲ್ಲ, ಅದು ಉರಿದು ಕೂಗಿಸುತ್ತದೆ. ಎರಡಕ್ಕೂ ತಕ್ಷಣ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗಬೇಕು.

## ಹಂತ 3: ರೆಪ್ಪೆಯನ್ನು ಅಂಚಿನಿಂದ ನೋಡುತ್ತಾ ಬನ್ನಿ

ಕಿಟಕಿಯ ಬೆಳಕಿನಲ್ಲಿ ಕನ್ನಡಿ ಹಿಡಿದು ಮೊದಲು ಎವೆಗಳ ಸಾಲು ನೋಡಿ. ಬುಡದಲ್ಲಿ ಹೊಟ್ಟು, ಅಂಟು, ಅಂಚಿನಲ್ಲಿ ನೊರೆ ಇದ್ದರೆ ದೀರ್ಘಕಾಲದ ಉರಿಯೂತ. ಇದು ಒಂದು ವಾರದ ಔಷಧಕ್ಕೆ ಹೋಗುವ ರೋಗವಲ್ಲ. ದಿನವೂ ಬೆಚ್ಚನೆಯ ಶಾಖ ಕೊಟ್ಟು ಅಂಚನ್ನು ಒರೆಸಿ ಶುಚಿಮಾಡುತ್ತಿದ್ದರೆ ಹತೋಟಿಯಲ್ಲಿರುತ್ತದೆ, ಬಿಟ್ಟರೆ ಮರಳುತ್ತದೆ.

ಗಂಟು ಇದ್ದರೆ ಒತ್ತದೆ ಮುಟ್ಟಿನೋಡಿ. ಎವೆಯ ಬುಡದಲ್ಲೇ ಎದ್ದು, ಕೆಂಪಾಗಿ, ಮುಟ್ಟಿದರೆ ನೋಯುವುದು ರೆಪ್ಪೆಯ ಕುರು. ಅಂಚಿನಿಂದ ಸ್ವಲ್ಪ ದೂರ, ಬಟಾಣಿಯಂತೆ ಗಟ್ಟಿಯಾಗಿ, ನೋವಿಲ್ಲದೆ ವಾರಗಟ್ಟಲೆ ಉಳಿಯುವುದು ಕಲಾಜಿಯಾನ್. ರೆಪ್ಪೆಯೊಳಗಿನ ತೈಲಗ್ರಂಥಿಯ ಬಾಯಿ ಕಟ್ಟಿದ್ದರ ಫಲ. ಎರಡಕ್ಕೂ ಮನೆಯ ಚಿಕಿತ್ಸೆ ಒಂದೇ: ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಮಣಿಕಟ್ಟಿಗೆ ತಾಗಿಸಿ ಹದ ನೋಡಿ, ಮುಚ್ಚಿದ ರೆಪ್ಪೆಯ ಮೇಲೆ ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಬಟ್ಟೆ ಒಂದೆರಡು ನಿಮಿಷಕ್ಕೇ ಆರುತ್ತದೆ, ಮತ್ತೆ ಮತ್ತೆ ಅದ್ದಬೇಕು; ‘ಶಾಖ ಕೊಟ್ಟರೂ ಹೋಗಲಿಲ್ಲ’ ಎನ್ನುವ ಅನೇಕರು ಆರಿದ ಬಟ್ಟೆಯನ್ನು ಇಟ್ಟುಕೊಂಡಿರುತ್ತಾರೆ. ಕುರುವನ್ನು ಹಿಚುಕಬೇಡಿ, ಎವೆ ಕೀಳಬೇಡಿ.

ಇಲ್ಲಿ ಒಂದು ಎಚ್ಚರಿಕೆ ಉಂಟು. ಮಧ್ಯವಯಸ್ಸು ದಾಟಿದವರಲ್ಲಿ ಅದೇ ಜಾಗದಲ್ಲಿ ಗಂಟು ಮತ್ತೆ ಬಂದರೆ, ಅದರ ಮೇಲಿನ ಎವೆಗಳು ಉದುರಿದ್ದರೆ, ಮೇಲ್ಮೈ ಹುಣ್ಣಾಗಿದ್ದರೆ ಶಾಖ ನಿಲ್ಲಿಸಿ. ನಮ್ಮ ದೇಶದಲ್ಲಿ ರೆಪ್ಪೆಯ ಕ್ಯಾನ್ಸರ್‌ಗಳ ಪೈಕಿ ತೈಲಗ್ರಂಥಿಯದಕ್ಕೆ ದೊಡ್ಡ ಪಾಲಿದೆ. ಅದು ಕಲಾಜಿಯಾನ್ ವೇಷದಲ್ಲೇ ಬರುತ್ತದೆ. ತೆಗೆದ ಗಂಟನ್ನು ಪ್ರಯೋಗಾಲಯಕ್ಕೆ ಕಳಿಸುತ್ತೀರಾ ಎಂದು ಕೇಳಲು ಹಿಂಜರಿಯಬೇಡಿ.

ಬಳಿಕ ರೆಪ್ಪೆಯ ನಿಲುವು. ಒಳಕ್ಕೆ ಮಡಚಿ ಎವೆಗಳು ಗುಡ್ಡೆಯನ್ನು ಉಜ್ಜುತ್ತಿವೆಯೇ, ಕೆಳರೆಪ್ಪೆ ಹೊರಕ್ಕೆ ಬಿದ್ದು ಒಳಗಿನ ಕೆಂಪು ಕಾಣುತ್ತಿದೆಯೇ? ಮೆಲ್ಲಗೆ ಕಣ್ಣು ಮುಚ್ಚಲು ಹೇಳಿ, ಸೀಳು ಉಳಿಯುತ್ತದೆಯೇ ನೋಡಿ. ಮುಖದ ಒಂದು ಪಕ್ಕ ಪಾರ್ಶ್ವವಾಯುವಿಗೆ ಸಿಕ್ಕವರಲ್ಲಿ ಮತ್ತು ಕುಷ್ಠರೋಗ ಬಂದು ಹೋದವರಲ್ಲಿ ಕಣ್ಣು ಪೂರ್ತಿ ಮುಚ್ಚದೆ, ನಿದ್ದೆಯಲ್ಲಿ ಕಾರ್ನಿಯಾ ಒಣಗಿ ಹುಣ್ಣಾಗುತ್ತದೆ. ಒಳತಿರುಗಿದ ಎವೆಯನ್ನು ಮನೆಯಲ್ಲಿ ಚಿಮುಟದಿಂದ ಕಿತ್ತರೆ ಅದು ಅರ್ಧಕ್ಕೆ ಮುರಿಯುವುದೇ ಹೆಚ್ಚು, ಉಳಿದ ಮೊಂಡು ಇನ್ನೂ ಚುಚ್ಚುತ್ತದೆ.

ಹಣೆಯ ಒಂದೇ ಪಕ್ಕದಲ್ಲಿ ಗುಳ್ಳೆಗಳೆದ್ದು ರೆಪ್ಪೆಯೂ ಊದಿದ್ದರೆ ಅದು ಸರ್ಪಸುತ್ತು. ಮೂಗಿನ ತುದಿ ನೋಡಿ: ಅಲ್ಲೂ ಗುಳ್ಳೆ ಇದ್ದರೆ ಕಣ್ಣಿಗೆ ತಗಲುವ ಸಂಭವ ಹೆಚ್ಚು. ವೈರಾಣು ನಿರೋಧಕ ಮಾತ್ರೆಯನ್ನು ಗುಳ್ಳೆ ಬಂದ 72 ಗಂಟೆಗಳೊಳಗೆ ಆರಂಭಿಸಿದರೆ ಉತ್ತಮ ಫಲ. ಕೆಮ್ಮಣ್ಣು ಬಳಿಸಿಕೊಂಡು ಕೂತರೆ ಆ ಅವಧಿ ಕಳೆದೇಹೋಗುತ್ತದೆ.

## ಹಂತ 4: ಕಾರ್ನಿಯಾಕ್ಕೆ ಪಕ್ಕದಿಂದ ಬೆಳಕು ಹಾಯಿಸಿ

ನೇರವಾಗಿ ಟಾರ್ಚ್ ಬಿಟ್ಟರೆ ಏನೂ ಕಾಣದು, ಕಣ್ಣು ಮುಚ್ಚಿಕೊಳ್ಳುತ್ತದೆ. ಕಿವಿಯ ಕಡೆಯಿಂದ, ಓರೆಯಾಗಿ, ಒಂದು ಗೇಣು ದೂರದಿಂದ ಬೆಳಕು ಹಾಯಿಸಿ. ಮೊದಲು ಚೆನ್ನಾಗಿರುವ ಕಣ್ಣನ್ನು ನೋಡಿ. ಅಲ್ಲಿ ಟಾರ್ಚಿನ ಬಿಂಬ ಚೂಪಾಗಿ ಹೊಳೆಯುತ್ತದೆ, ಕಪ್ಪುಗುಡ್ಡೆಯ ಗೆರೆಗಳು ಸ್ಪಷ್ಟ. ಈಗ ತೊಂದರೆಯ ಕಣ್ಣು. ಬಿಂಬ ಒಡೆದಿದೆಯೇ, ಮಂಕಾಗಿದೆಯೇ? ಬಿಳಿ ಅಥವಾ ಬೂದು ಚುಕ್ಕೆ ಇದೆಯೇ? ಕಪ್ಪುಗುಡ್ಡೆಯ ತಳದಲ್ಲಿ ಬಿಳಿಯ ಮಟ್ಟವೊಂದು ನಿಂತಿದೆಯೇ? ಅದು ಕೀವು; ಒಂದು ಗಂಟೆಯೂ ತಡಮಾಡಬಾರದು.

ಹೊಸದಾಗಿ ಕಂಡ ಬಿಳಿ ಚುಕ್ಕೆ, ನೋವು, ನೀರು, ಬೆಳಕು ತಾಳದಿರುವುದು: ಈ ನಾಲ್ಕು ಸೇರಿದರೆ ಕಾರ್ನಿಯಾದ ಹುಣ್ಣು ಎಂದೇ ತಿಳಿದು ನಡೆಯಿರಿ. ಹಿಂದಿನ ಎರಡು ಮೂರು ವಾರಗಳಲ್ಲಿ ಏನಾದರೂ ತಗುಲಿತ್ತೇ ಎಂದು ನೆನಪಿಸಿಕೊಳ್ಳಿ. ಕಬ್ಬಿನ ಗರಿ, ಜೋಳದ ಗರಿ, ಒಕ್ಕಣೆಯ ಹೊಟ್ಟು, ದನದ ಬಾಲದ ಹೊಡೆತ, ಇವನ್ನು ಯಾರೂ ಗಾಯವೆಂದು ಎಣಿಸುವುದಿಲ್ಲ. ಸಸ್ಯದ ಚೂರಿನಿಂದಾದ ಗೀರಿನಲ್ಲಿ ಶಿಲೀಂಧ್ರ ನಿಧಾನವಾಗಿ ಬೆಳೆಯುತ್ತದೆ, ಹಕ್ಕಿಯ ಗರಿಯಂಥ ಎಳೆಎಳೆಯಾದ ಅಂಚಿನ ಬೂದು ಕಲೆಯಾಗುತ್ತದೆ. ಸಾಮಾನ್ಯ ಆ್ಯಂಟಿಬಯಾಟಿಕ್ ಹನಿ ಅದನ್ನು ಮುಟ್ಟುವುದೂ ಇಲ್ಲ. ಬ್ಯಾಕ್ಟೀರಿಯಾದ ಹುಣ್ಣು ಇದಕ್ಕೆ ವಿರುದ್ಧ. ಒಂದೆರಡು ದಿನಗಳಲ್ಲೇ ಕೀವು, ಊತ, ತೀವ್ರ ನೋವು. ಆದರೆ ಹೊರನೋಟದಿಂದ ಇವೆರಡನ್ನು ಖಚಿತವಾಗಿ ಬೇರ್ಪಡಿಸಲು ಅನುಭವಿ ವೈದ್ಯರಿಗೂ ಆಗದು. ಹುಣ್ಣಿನ ಅಂಚನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹಾಗಾಗಿ ಆ ಸೌಲಭ್ಯವಿರುವ ಜಿಲ್ಲಾ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ, ಬೆಂಗಳೂರಿನಲ್ಲಾದರೆ ಮಿಂಟೊ ಕಣ್ಣಾಸ್ಪತ್ರೆಯಂಥ ಕಡೆಗೆ ನೇರ ಹೋಗುವುದು ಸಮಯ ಉಳಿಸುತ್ತದೆ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಲ್ಲಿ ಕೆಂಪಿಗೆ ಹೋಲಿಸಿದರೆ ನೋವು ಅತಿಯಾಗಿದ್ದರೆ ಅಕಾಂತಮೀಬಾ ಎಂಬ ಜೀವಿಯ ಶಂಕೆ ಇರಬೇಕು. ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆಯುವುದು, ಹಾಕಿಕೊಂಡೇ ಸ್ನಾನ ಮಾಡುವುದು ಅದಕ್ಕೆ ದಾರಿ. ಲೆನ್ಸ್ ಮತ್ತು ಡಬ್ಬಿ ಎರಡನ್ನೂ ಆಸ್ಪತ್ರೆಗೆ ಒಯ್ಯಿರಿ, ಅವನ್ನೂ ಪರೀಕ್ಷಿಸುತ್ತಾರೆ.

ಸುಮ್ಮನೆ ಭಯಪಡಿಸುವವು ಕೆಲವಿವೆ. ವಯಸ್ಸಾದವರ ಕಪ್ಪುಗುಡ್ಡೆಯ ಸುತ್ತಲಿನ ಬೂದು ಬಳೆ ನೋಟಕ್ಕೆ ಏನೂ ಮಾಡದು; 40ರೊಳಗೆ ಕಂಡರೆ ರಕ್ತದ ಕೊಬ್ಬು ಪರೀಕ್ಷಿಸಿಕೊಳ್ಳಿ. ಮೂಗಿನ ಕಡೆಯಿಂದ ತ್ರಿಕೋನವಾಗಿ ಬೆಳೆದು ಬರುವ ಮಾಂಸವೂ ತುರ್ತಲ್ಲ, ಪಾಪೆಯತ್ತ ಸರಿಯುತ್ತಿದೆಯೇ ಎಂದು ಆಗಾಗ ಫೋಟೋ ತೆಗೆದು ಹೋಲಿಸಿದರೆ ಸಾಕು.

## ಹಂತ 5: ಕಾಲವನ್ನು ಕೇಳಿ

‘ಮದ್ರಾಸ್ ಐ’ ಒಂದು ಕಣ್ಣಿನಲ್ಲಿ ಶುರುವಾಗಿ ಮೂರ್ನಾಲ್ಕು ದಿನಗಳೊಳಗೆ ಇನ್ನೊಂದಕ್ಕೂ ಬರುತ್ತದೆ. ಮನೆಯಲ್ಲಿ ಎಲ್ಲರಿಗೂ ಬಂದಿರುವಾಗ ಒಬ್ಬರಿಗೆ ಮಾತ್ರ ಒಂದೇ ಕಣ್ಣು ಕೆಂಪಾಗಿ ಬೆಳಕು ತಾಳದಿದ್ದರೆ, ಅದನ್ನೂ ಆ ಲೆಕ್ಕಕ್ಕೇ ಹಾಕಿಬಿಡುವುದು ದೊಡ್ಡ ತಪ್ಪು. ಕೆಂಪು ಕಡಿಮೆಯಾದ ಎರಡನೇ ವಾರದಲ್ಲಿ ನೋಟ ಮಂಜಾದರೆ ವೈರಾಣು ಕಾರ್ನಿಯಾದಲ್ಲಿ ಸಣ್ಣ ಚುಕ್ಕೆಗಳನ್ನು ಬಿಟ್ಟುಹೋಗಿದೆ.

ಜ್ವರ ಬಂದಾಗಲೆಲ್ಲ ಅದೇ ಕಣ್ಣು ಕೆಂಪಾಗುತ್ತಿದ್ದರೆ ಹರ್ಪಿಸ್ ನೆನೆಯಿರಿ. ಸಂಜೆಯಾದಂತೆ ರೆಪ್ಪೆ ಇಳಿದು ನಿದ್ದೆಯ ನಂತರ ಸರಿಯಾಗುತ್ತಿದ್ದರೆ ಸ್ನಾಯುಗಳ ಆಯಾಸದ ರೋಗವೊಂದಿದೆ, ನರವೈದ್ಯರಿಗೆ ತೋರಿಸಬೇಕು.

ಹದಿಹರೆಯದವರಲ್ಲಿ ಕಾಲದ ಲೆಕ್ಕ ಬೇರೆ ಬಗೆಯದು. ಆರಾರು ತಿಂಗಳಿಗೆ ಕನ್ನಡಕದ ಸಿಲಿಂಡರ್ ಸಂಖ್ಯೆ (ಕಾರ್ನಿಯಾದ ಬಾಗು ಎಲ್ಲ ಕಡೆ ಸಮನಾಗಿಲ್ಲದ್ದನ್ನು ಸರಿದೂಗಿಸುವ ಅಳತೆ) ಏರುತ್ತಿದ್ದರೆ, ಒಂದು ಕಣ್ಣು ಮುಚ್ಚಿ ನೋಡಿದರೂ ಬೀದಿದೀಪಕ್ಕೆ ನೆರಳುಗಳು ಕಾಣುತ್ತಿದ್ದರೆ, ಮಗು ಸದಾ ಕಣ್ಣು ಉಜ್ಜುತ್ತಿದ್ದರೆ ಕೆರಟೋಕೋನಸ್ ಇದೆಯೇ ನೋಡಿಸಿ. ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುವ ರೋಗ ಅದು. ಬೇಗ ಸಿಕ್ಕರೆ ಅಲ್ಲಿಗೇ ತಡೆಯುವ ಚಿಕಿತ್ಸೆಯಿದೆ. ಕನ್ನಡಕದ ಅಂಗಡಿಯಲ್ಲಿ ಸಂಖ್ಯೆ ಬದಲಿಸಿಕೊಳ್ಳುತ್ತಾ ಹೋದರೆ ಸಿಗುವುದಿಲ್ಲ, ಕಾರ್ನಿಯಾದ ನಕ್ಷೆ ತೆಗೆಸಬೇಕು.

ಚಿಕ್ಕ ಮಕ್ಕಳಿಗೆ ಮುಸ್ಸಂಜೆ ಎಡವುವ ಇರುಳುಗಣ್ಣು, ಬಿಳಿಗುಡ್ಡೆಯ ಮೇಲೆ ನೊರೆಯಂಥ ಮಚ್ಚೆ ಇದ್ದರೆ ವಿಟಮಿನ್ ಎ ಕೊರತೆ. ದಡಾರದ ನಂತರ ಇದು ಹಠಾತ್ತನೆ ಕಾರ್ನಿಯಾವನ್ನೇ ಕರಗಿಸಬಹುದು. 9ನೇ ತಿಂಗಳಿನಿಂದ 5 ವರ್ಷದವರೆಗೆ ಸರ್ಕಾರ ಕೊಡುವ ವಿಟಮಿನ್ ಎ ದ್ರಾವಣ ತಪ್ಪಿದೆಯೇ ಎಂದು ತಾಯಿ ಕಾರ್ಡಿನಲ್ಲಿ ನೋಡಿ.

## ಹಂತ 6: ತೀರ್ಮಾನ

ಇಂದೇ ಹೋಗಬೇಕಾದವು: ನೋಟ ಇಳಿದ ಕೆಂಪು ಕಣ್ಣು, ಬೆಳಕು ತಾಳದ ಕಣ್ಣು, ಹೊಸ ಬಿಳಿ ಚುಕ್ಕೆ, ಲೆನ್ಸ್ ಹಾಕುವವರ ಯಾವುದೇ ನೋವು, ಗಿಡಗಂಟಿ ತಗುಲಿದ ಮೇಲಿನ ಕಿರಿಕಿರಿ, ಸರ್ಪಸುತ್ತು. ಈ ವಾರದೊಳಗೆ: ಮುಚ್ಚಲಾಗದ ರೆಪ್ಪೆ (ನೋವು ಇದ್ದರೆ ಇಂದೇ), ಒಳತಿರುಗಿದ ಎವೆ, ಮರುಕಳಿಸಿದ ಗಂಟು, ಏರುತ್ತಿರುವ ಸಿಲಿಂಡರ್. ನೋಟ ಚೆನ್ನಾಗಿರುವ ಕುರು, ರೆಪ್ಪೆಯ ಹೊಟ್ಟು, ಸಂಜೆಯ ಉರಿ, ಇವನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಕುರು ಎರಡು ವಾರ ದಾಟಿದರೆ ತೋರಿಸಿ.

## ಕಣ್ಣು ಕಳೆಯುವ ಅಭ್ಯಾಸಗಳು

ಮೊದಲನೆಯದು ಸ್ಟೀರಾಯ್ಡ್ ಹನಿ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರುಗಳನ್ನು ಪೊಟ್ಟಣದ ಮೇಲೆ ಹುಡುಕಿ. ಬ್ರಾಂಡ್ ಹೆಸರಿನ ಕೊನೆಗೆ ‘ಡಿ’, ‘ಡಿಎಕ್ಸ್’ ಎಂದಿರುವ ಹಲವು ಹನಿಗಳಲ್ಲಿ ಇವು ಆ್ಯಂಟಿಬಯಾಟಿಕ್ ಜೊತೆ ಬೆರೆತಿರುತ್ತವೆ. ಹಾಕಿದ ಮರುದಿನವೇ ಕೆಂಪು ಇಳಿದು ಹಾಯೆನಿಸುತ್ತದೆ. ಶಿಲೀಂಧ್ರ ಅಥವಾ ಹರ್ಪಿಸ್ ಇದ್ದ ಕಣ್ಣಿನಲ್ಲಿ ಅದೇ ಹೊತ್ತಿಗೆ ರೋಗಕ್ಕೆ ತಡೆಯೇ ಇಲ್ಲದಂತಾಗಿ ಹುಣ್ಣು ಆಳಕ್ಕಿಳಿಯುತ್ತದೆ. ಅಲರ್ಜಿಗೆಂದು ತಿಂಗಳುಗಟ್ಟಲೆ ಹಾಕಿಸಿಕೊಂಡ ಮಕ್ಕಳಲ್ಲಿ ಕಣ್ಣಿನ ಒತ್ತಡ ಏರಿ ನರ ಹಾಳಾಗುತ್ತದೆ. ವೈದ್ಯರು ಬರೆದುಕೊಟ್ಟಾಗ ಅದು ಒಳ್ಳೆಯ ಔಷಧವೇ. ಕಣ್ಣನ್ನು ನೋಡದೆ ಕೊಡುವುದು ಮಾತ್ರ ಸಲ್ಲದು.

ಎದೆಹಾಲು, ಹರಳೆಣ್ಣೆ, ಜೇನು, ನಂದಿಬಟ್ಟಲು ಹೂವಿನ ರಸ ಯಾವುದೂ ಗೀರಿದ ಕಾರ್ನಿಯಾಕ್ಕೆ ಬೇಡ, ಅವು ಕ್ರಿಮಿರಹಿತವಲ್ಲ. ಬಾಟಲಿ ತೆರೆದು ತಿಂಗಳು ಕಳೆದ ಹನಿಯನ್ನು, ಪಕ್ಕದ ಮನೆಯವರು ಉಳಿಸಿಕೊಟ್ಟದ್ದನ್ನು ಹಾಕಬೇಡಿ. ಕೀವಿರುವ ಕಣ್ಣಿಗೆ ಬಿಗಿಯಾಗಿ ಪಟ್ಟಿ ಕಟ್ಟಬೇಡಿ. ಬೆಚ್ಚಗಿನ ಕತ್ತಲಲ್ಲಿ ಸೋಂಕು ಇನ್ನಷ್ಟು ಹಬ್ಬುತ್ತದೆ, ಕಪ್ಪು ಕನ್ನಡಕ ಸಾಕು.

## ವೈದ್ಯರ ಬಳಿ ಹೋಗುವಾಗ

ಎಂದು ಶುರುವಾಯಿತು, ಏನು ತಗುಲಿತು, ಯಾವ ಕಣ್ಣಿನಲ್ಲಿ ಕ್ಯಾಲೆಂಡರಿನ ಯಾವ ಸಾಲಿನವರೆಗೆ ಓದಲಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ದಿನಕ್ಕೊಂದರಂತೆ ತೆಗೆದ ಫೋಟೋಗಳಿದ್ದರೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದರೆ ಕೇಳದಿದ್ದರೂ ಹೇಳಿ, ಅಂಥವರಲ್ಲಿ ಹುಣ್ಣು ಮಾಯುವುದು ನಿಧಾನ. ಈವರೆಗೆ ಹಾಕಿದ ಎಲ್ಲ ಹನಿಗಳ ಬಾಟಲಿಗಳನ್ನು, ಖಾಲಿಯಾದದ್ದನ್ನೂ ಸೇರಿಸಿ, ಚೀಲದಲ್ಲಿ ಒಯ್ಯಿರಿ. ಬೈಯುತ್ತಾರೆಂದು ಹೆದರಿ ಸ್ಟೀರಾಯ್ಡ್ ಬಾಟಲಿಯನ್ನು ಮನೆಯಲ್ಲಿ ಬಿಟ್ಟು ಬರುವವರಿದ್ದಾರೆ. ವೈದ್ಯರು ಮೊದಲು ನೋಡಬೇಕಾದದ್ದು ಅದನ್ನೇ.